ಯಾವ ಕೋಣೆಯಲ್ಲಿ ಮಲಗುತ್ತೀರಿ?

ನೆರೆಹೊರೆ ಸಂಘದ ಹಿರಿಯರೇ, ವಾರ್ಡ್ ಕಚೇರಿಯಿಂದ ಬಂದ ಅಧಿಕಾರಿಗಳೇ, ನಿಶಿ-ಕಸಾಯಿಯ ಕನ್ನಡ ಬಂಧುಗಳೇ,

1995ರ ಜನವರಿ 17ರ ನಸುಕಿನಲ್ಲಿ ಕೋಬೆ ಸೀಮೆಯ ಭೂಕಂಪ 6,400ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಕಂಪನದ ಕೇಂದ್ರಕ್ಕೆ ತೀರ ಹತ್ತಿರವಿದ್ದ ಊರು ಅವಾಜಿ ದ್ವೀಪದ ಹೊಕುದಾನ್. ಅಲ್ಲಿ ಕುಸಿದ ಮನೆಗಳಡಿ ಸಿಕ್ಕಿಕೊಂಡಿದ್ದ ಸುಮಾರು 300 ಮಂದಿಯನ್ನು ಅಂದೇ ಹೊರತೆಗೆದರು. ತೆಗೆದವರು ಅದೇ ಊರಿನ ಸ್ವಯಂಸೇವಕ ಅಗ್ನಿಶಾಮಕ ದಳದವರು, ಅಕ್ಕಪಕ್ಕದ ಮನೆಯವರು. ಯಾವ ಮನೆಯ ಅಜ್ಜಿ ಯಾವ ಕೋಣೆಯಲ್ಲಿ ಮಲಗುತ್ತಾರೆಂಬುದು ಅವರಿಗೆ ಗೊತ್ತಿತ್ತು. ನೇರ ಅಲ್ಲಿಗೇ ಹೋಗಿ ಅಗೆದರು.

ಹಾಗೆಂದು ಇದು ಬರೀ ಊರ ಪ್ರೀತಿಯ ಕಥೆಯಲ್ಲ. ಅಂಥ ದಳಗಳಿಗೆ ಪಂಪು, ತರಬೇತಿ, ಅಷ್ಟಿಷ್ಟು ಗೌರವಧನ ಕೊಡುವುದು ಸ್ಥಳೀಯ ಆಡಳಿತ. ಟೋಕಿಯೊದ ನಮ್ಮ ಎದೊಗಾವಾ ವಾರ್ಡನ್ನೇ ನೋಡಿ. ಉಬ್ಬರದ ವೇಳೆ ಇಲ್ಲಿನ ಸುಮಾರು ಶೇ. 70ರಷ್ಟು ನೆಲ ನೀರಿನ ಮಟ್ಟಕ್ಕಿಂತ ಕೆಳಗಿರುತ್ತದೆ. 2019ರಲ್ಲಿ ಮನೆಮನೆಗೆ ಹಂಚಿದ ಪ್ರವಾಹ ನಕ್ಷೆಯ ಮುಖಪುಟದಲ್ಲೇ, ಇಲ್ಲಿ ಉಳಿಯಬೇಡಿ ಎಂದು ಆಡಳಿತ ಅಚ್ಚು ಹಾಕಿಸಿತು. ಮುಚ್ಚುಮರೆಯಿಲ್ಲದ ಆ ಮಾತು ನನಗೆ ಮೆಚ್ಚುಗೆಯಾಯಿತು. ಆದರೆ ನಡೆಯಲಾರದವರನ್ನು ಮೆಟ್ಟಿಲಿಳಿಸುವ ಕೈ ನಕ್ಷೆಗಿಲ್ಲ.

ನೆರೆಹೊರೆಯ ಒಗ್ಗಟ್ಟು ಯಾವಾಗಲೂ ಒಳ್ಳೆಯದೇ ಎಂದೂ ನಾನು ಹೇಳಲಾರೆ. 1923ರ ಸೆಪ್ಟೆಂಬರ್ 1ರ ಕಾಂತೋ ಭೂಕಂಪದ ಬಳಿಕ ಇದೇ ಟೋಕಿಯೊ ಸುತ್ತಮುತ್ತ, ಬಾವಿಗೆ ವಿಷ ಬೆರೆಸುತ್ತಿದ್ದಾರೆಂಬ ಗಾಳಿಸುದ್ದಿ ನಂಬಿ, ಊರು ಕಾಯಲು ನಿಂತ ಗುಂಪುಗಳೇ ಕೊರಿಯನ್ನರನ್ನು ಕೊಂದವು. 1960ರಿಂದ ಜಪಾನ್ ಆ ತಾರೀಖನ್ನೇ ವಿಪತ್ತು ತಡೆ ದಿನವೆಂದು ಆಚರಿಸುತ್ತಿದೆ. ಹೊರಗಿನಿಂದ ಬಂದ ನಾವು ಆ ಕೊಲೆಗಳನ್ನು ಮರೆಯುವಂತಿಲ್ಲ. ಮುಖಪರಿಚಯವಿಲ್ಲದವರಿಗೆ ಸುಳ್ಳು ಬೇಗ ಅಂಟಿಕೊಳ್ಳುತ್ತದೆ.

ಹಬ್ಬ ಬಂದರೆ ಎಷ್ಟೋ ದೂರದ ಕನ್ನಡಿಗರನ್ನು ಹುಡುಕಿಕೊಂಡು ಹೋಗುತ್ತೇವೆ. ಪಕ್ಕದ ಬಾಗಿಲಿನವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಇಲ್ಲಿ ವಿಪತ್ತಿನ ಅಣಕು ಕಾರ್ಯಾಚರಣೆಗಳಲ್ಲಿ 'ತಕಿದಾಶಿ' ಎಂದು ಸಾಮೂಹಿಕ ಅಡುಗೆಯನ್ನೂ ಮಾಡಿ ನೋಡುತ್ತಾರೆ. ಬಿಸಿಬೇಳೆಬಾತಿನ ನಮ್ಮ ದೊಡ್ಡ ಪಾತ್ರೆಗಳು ಮುಂದಿನ ಸಲ ಅಲ್ಲಿಗೂ ಹೋಗಲಿ. ಆಪತ್ಕಾಲದಲ್ಲಿ ಮೀನು-ಮಾಂಸವಿಲ್ಲದ ಊಟ ಕೇಳಲು ಸಂಕೋಚಪಡುವ ನಮ್ಮವರ ಚಿಂತೆಯೂ ಕಳೆದೀತು!

ಒಳಗಿನ ವಿಪತ್ತು ಸಿದ್ಧತೆ ಪ್ರದರ್ಶನದಲ್ಲಿ ಮಡಚುವ ಶೌಚಾಲಯ, ಒಣ ಅನ್ನದ ಪೊಟ್ಟಣಗಳಿವೆ. ವಿಪತ್ತಿನ ಹೊತ್ತಲ್ಲಿ 171ಕ್ಕೆ ಕರೆ ಮಾಡಿ ಮನೆಯವರಿಗೆ ದನಿಸಂದೇಶ ಬಿಡುವುದು ಹೇಗೆಂದು ಮಕ್ಕಳು ತೋರಿಸಿಕೊಡುತ್ತಾರೆ. ಬಾಗಿಲ ಬಳಿಯ ಮೇಜಿನಲ್ಲಿ ನೆರೆಹೊರೆ ಸಂಘದ ಸದಸ್ಯತ್ವದ ಅರ್ಜಿಗಳಿವೆ. ಜಪಾನಿ ಬರೆಯಲು ಬಾರದವರಿಗೆ ತುಂಬಿಕೊಡಲು ಹುಡುಗರು ಕೂತಿದ್ದಾರೆ. ಮೊದಲು ಆ ಮೇಜಿಗೇ ಹೋಗಿ. ಪ್ರದರ್ಶನವನ್ನು ಸಂತೋಷದಿಂದ ಉದ್ಘಾಟಿಸಿದ್ದೇನೆ.