ಅಲ್ಪವ್ಯಯದಲ್ಲಿ ಅಡುಗೆಮನೆಯ ಅಲಂಕಾರ

(ಮಡಕಶಿರದಲ್ಲಿ ಶಾಲಾ ವಾರ್ಷಿಕೋತ್ಸವದ ಸಂದರ್ಭದಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ವೇದಿಕೆಯ ಮೇಲೆ ವಿದ್ಯೆ, ಶೀಲ, ದೇಶಸೇವೆ ಮೊದಲಾದ ಘನವಾದ ವಿಷಯಗಳನ್ನು ಕುರಿತು ಮಾತನಾಡುವುದು ವಾಡಿಕೆ. ನಾನು ಇಂದು ಆರಿಸಿಕೊಂಡಿರುವ ವಿಷಯ ಅಡುಗೆಮನೆ. ಹಿಂದಿನ ಸಾಲಿನ ಬಾಲಕರು ನಗುತ್ತಿರುವುದು ಇಲ್ಲಿಂದಲೇ ಕಾಣುತ್ತಿದೆ. ನಗಲಿ, ಆದರೆ ಬೆಳಗ್ಗೆ ಅವರು ಉಂಡು ಬಂದ ಮುದ್ದೆಯೂ ಸಾರೂ ಆ ಕೋಣೆಯಿಂದಲೇ ಬಂದುವೆಂಬುದನ್ನು ಮರೆಯದಿರಲಿ.

ನಮ್ಮ ಮನೆಗಳಲ್ಲಿ ಹಣ ವ್ಯಯಮಾಡುವ ಪ್ರಸಂಗ ಬಂದಾಗ ಮೊದಲ ಮರ್ಯಾದೆ ಮುಂಬಾಗಿಲಿಗೆ, ಎರಡನೆಯದು ಪಡಸಾಲೆಗೆ. ಬಂದವರು ನೋಡುವ ಜಾಗವಲ್ಲವೆ? ಕೊನೆಗೆ ಏನಾದರೂ ಉಳಿದರೆ ಅದು ಅಡುಗೆಮನೆಗೆ. ಅತಿಥಿ ಅರ್ಧ ಗಳಿಗೆ ಕೂರುವ ಪಡಸಾಲೆಗೆ ಬಣ್ಣ. ತಾಯಿ ದಿನದ ಬಹುಭಾಗವನ್ನು ಕಳೆಯುವ ಕೋಣೆಗೆ ಮಸಿ! ಈ ಲೆಕ್ಕ ಸರಿಯೆ ಎಂದು ಪ್ರತಿಯೊಬ್ಬ ಗೃಹಸ್ಥನೂ ಒಮ್ಮೆ ತನ್ನನ್ನು ತಾನೇ ಕೇಳಿಕೊಳ್ಳಬೇಕು.

“ಮಳೆಯಿಲ್ಲದ ಸೀಮೆ ನಮ್ಮದು, ಕಡಲೆಕಾಯಿ ಕೈಕೊಟ್ಟ ವರ್ಷ ಅಡುಗೆಮನೆಗೆ ಅಲಂಕಾರವೆಲ್ಲಿಯದು?” ಎಂದು ತಾವು ಕೇಳಬಹುದು. ಅಲಂಕಾರವೆಂಬ ಮಾತಿನ ಮೂಲದಲ್ಲಿರುವ ‘ಅಲಂ’ ಎಂಬ ಸಂಸ್ಕೃತ ಶಬ್ದಕ್ಕೆ ಸಾಕು, ತಕ್ಕಷ್ಟು ಎಂಬ ಅರ್ಥವುಂಟು. ತಕ್ಕಷ್ಟಾಗುವಂತೆ ಮಾಡುವುದೇ ಅಲಂಕಾರ, ಬೇಡದ್ದನ್ನು ಹೇರುವುದಲ್ಲ. ಹೀಗೆ ತಿಳಿದುಕೊಂಡರೆ ಬಡತನಕ್ಕೂ ಅಲಂಕಾರಕ್ಕೂ ವಿರೋಧವಿಲ್ಲವೆಂಬುದು ಮನವರಿಕೆಯಾದೀತು.

ಇದಕ್ಕೆ ನಿದರ್ಶನವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ನಮ್ಮ ನೆರೆಯ ಹೇಮಾವತಿಯು ಹಿಂದೆ ಹೆಂಜೇರು ಎಂಬ ಹೆಸರಿನಿಂದ ನೊಳಂಬರ ರಾಜಧಾನಿಯಾಗಿದ್ದಿತು. ಅಲ್ಲಿಯ ದೊಡ್ಡೇಶ್ವರ ದೇವಾಲಯದ ಕಲ್ಲಿನ ಜಾಲಂಧ್ರಗಳನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಕಿಟಕಿಯ ಕೆಲಸ ಬೆಳಕನ್ನೂ ಗಾಳಿಯನ್ನೂ ಒಳಕ್ಕೆ ಬಿಡುವುದು. ಶಿಲ್ಪಿಯು ಬೆಳಕು ಬರಬೇಕಾದ ಆ ರಂಧ್ರಗಳ ನಡುವೆಯೇ ಬಳ್ಳಿಯನ್ನು ಹರಿಯಿಸಿ, ದೇವತಾಮೂರ್ತಿಗಳನ್ನು ನಿಲ್ಲಿಸಿದನು. ಉಪಯೋಗವೂ ಅಂದವೂ ಅಲ್ಲಿ ಬೇರೆಬೇರೆಯಲ್ಲ. ಅಡುಗೆಮನೆಯ ಅಲಂಕಾರಕ್ಕೂ ಇದೇ ಸೂತ್ರ: ಕೆಲಸಕ್ಕೆ ಬರುವುದನ್ನು ಮೊದಲು ಮಾಡು, ಅದನ್ನೇ ಚೆನ್ನಾಗಿ ಮಾಡು.

ಆದುದರಿಂದ ಮೊದಲನೆಯ ಅಲಂಕಾರ ಬೆಳಕು. ಹಳೆಯ ಮಾಳಿಗೆ ಮನೆಗಳಲ್ಲಿ ಗವಾಕ್ಷಿಯೊಂದೇ ಅಡುಗೆಮನೆಯ ಕಣ್ಣು. ಅದನ್ನು ಕಸಕಡ್ಡಿಗಳಿಂದ ಮುಚ್ಚಿಹೋಗಲು ಬಿಡದೆ, ಮಳೆಗೆ ಮರೆಮಾಡಿ ಗಾಳಿಯಾಡುವಂತೆ ಇಡಬೇಕು. ಹೆಂಚಿನ ಮನೆಯಾದರೆ ಒಂದೆರಡು ಗಾಜಿನ ಹೆಂಚುಗಳು ಸಾಕು. ಹೊಸ ಗೋಡೆ ಕಟ್ಟುವವರು ಮೇಲ್ಭಾಗದಲ್ಲಿ ಇಟ್ಟಿಗೆಗಳ ನಡುವೆ ಕ್ರಮವಾಗಿ ಸಂದು ಬಿಟ್ಟು ಕಟ್ಟಿದರೆ ಇಟ್ಟಿಗೆಯ ಖರ್ಚೂ ಉಳಿದು, ಜಾಲಂಧ್ರವೂ ಸಿದ್ಧವಾಗುವುದು. ಇಂಗ್ಲೆಂಡಿನಲ್ಲಿ ಹುಟ್ಟಿ, ಕೇರಳದಲ್ಲಿ ನೆಲೆಸಿ, ಬಡವರಿಗೆ ಕಡಿಮೆ ವೆಚ್ಚದ ಮನೆಗಳನ್ನು ಕಟ್ಟಿಕೊಟ್ಟ ವಾಸ್ತುಶಿಲ್ಪಿ ಲಾರಿ ಬೇಕರ್ (1917–2007) ಅವರು ಇಂತಹ ಇಟ್ಟಿಗೆಯ ಜಾಲರಿಯನ್ನು ಬಹಳವಾಗಿ ಬಳಸಿದರು.

ಬೆಳಕು ಒಳಕ್ಕೆ ಬಂದ ಹಾಗೆಯೇ ಹೊಗೆ ಹೊರಕ್ಕೆ ಹೋಗಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನರು ಮನೆಯೊಳಗಿನ ಹೊಗೆಯ ಮಾಲಿನ್ಯದಿಂದ ಮರಣ ಹೊಂದಿದರು. ಕಣ್ಣುರಿಯನ್ನೂ ಕೆಮ್ಮನ್ನೂ ‘ಹೆಂಗಸರಿಗೆ ಇದ್ದದ್ದೇ’ ಎಂದು ತಳ್ಳಿಹಾಕುವ ಮನೆಯಲ್ಲಿ ಎಷ್ಟು ಚಿತ್ರಪಟಗಳನ್ನು ತೂಗುಹಾಕಿದರೇನು? ಮೇಲೆ ಥಳಕು, ಒಳಗೆ ಹುಳುಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗಾಗಿಯೇ ‘ಅಸ್ತ್ರ’ ಎಂಬ ಕೇಂದ್ರವು ಸ್ಥಾಪನೆಯಾಯಿತು. ಅಲ್ಲಿಯ ವಿಜ್ಞಾನಿಗಳು ರೂಪಿಸಿದ ‘ಅಸ್ತ್ರ ಒಲೆ’ಯು ಸೌದೆಯನ್ನು ಉಳಿಸಿ, ಹೊಗೆಯನ್ನು ಕೊಳವೆಯ ಮೂಲಕ ಹೊರಕ್ಕೆ ಕಳುಹಿಸುವಂಥದು. ಈಗ ಅನೇಕ ಮನೆಗಳಿಗೆ ಅನಿಲದ ಒಲೆ ಬಂದಿದೆ. ಆದರೂ ಸೌದೆಯ ಒಲೆ ಪೂರ್ತಿಯಾಗಿ ಆರಿಲ್ಲ. ಸೌದೆ ಉರಿಸುವವರು ಹೊಗೆಕೊಳವೆಯನ್ನು ಮರೆಯಬಾರದು. ಅನಿಲ ಬಳಸುವವರು ಕೆಳಗಡೆಯೂ ಒಂದು ಗಾಳಿಕಿಂಡಿಯನ್ನು ಬಿಡಬೇಕು. ಏಕೆಂದರೆ ಆ ಅನಿಲವು ಗಾಳಿಗಿಂತ ಭಾರವಾದುದರಿಂದ ಸೋರಿದರೆ ನೆಲದ ಮಟ್ಟದಲ್ಲೇ ಶೇಖರವಾಗುವುದು.

ಎರಡನೆಯ ಅಲಂಕಾರ ಸುಣ್ಣ. ಇದಕ್ಕಿಂತ ಅಗ್ಗವಾದ, ಇದಕ್ಕಿಂತ ಶುಭ್ರವಾದ ಬಣ್ಣ ಇನ್ನೊಂದಿಲ್ಲ. ಸುಟ್ಟ ಸುಣ್ಣದ ಕಲ್ಲನ್ನು ನೀರಿನಲ್ಲಿ ಅರಳಿಸಿ, ಒಂದು ರಾತ್ರಿ ಬಿಟ್ಟು, ತೆಳುಬಟ್ಟೆಯಲ್ಲಿ ಸೋಸಿ, ಅಂಟಿಕೊಳ್ಳಲು ಸ್ವಲ್ಪ ಗಂಜಿಯನ್ನೋ ಅಂಟನ್ನೋ ಬೆರೆಸಬೇಕು. ಮಸಿಯನ್ನು ಮೊದಲು ಉಜ್ಜಿ ತೆಗೆದು, ಗೋಡೆಗೆ ನೀರು ಚಿಮುಕಿಸಿ, ತೆಳುವಾಗಿ ಎರಡು ಮೂರು ಸಾರಿ ಬಳಿಯಬೇಕು. ಅದು ಗಾಳಿಯಲ್ಲಿರುವ ಇಂಗಾಲಾಮ್ಲವನ್ನು ಹೀರಿ ಮೆಲ್ಲಮೆಲ್ಲನೆ ಮತ್ತೆ ಕಲ್ಲಾಗುತ್ತದೆ. ಮೇಲ್ಮೇಲೆ ಬಿಳುಪೇರುವ ಗುಟ್ಟು ಇದೇ. ಅರಳುವಾಗ ಸುಣ್ಣವು ಕುದಿಯುತ್ತದೆ, ಕಣ್ಣಿಗೆ ಸಿಡಿದರೆ ಅಪಾಯ. ಆ ಕೆಲಸ ದೊಡ್ಡವರದು, ಮಕ್ಕಳು ದೂರವಿರಬೇಕು. ನೆಲದಿಂದ ಮೊಳದೆತ್ತರಕ್ಕೆ ಕೆಮ್ಮಣ್ಣಿನ ಪಟ್ಟಿಯನ್ನು ಬಳಿದರೆ ಕೊಳೆಯೂ ಕಾಣದು, ಬಿಳುಪಿಗೆ ಅಂಚೂ ಆಯಿತು. ಬಿಳಿಯ ಸೀರೆಗೆ ಕೆಂಪಂಚಿನಂತೆ ಆ ಗೋಡೆ ಶೋಭಿಸುವುದು.

ಚಿತ್ರ ಬೇಕೆನ್ನುವವರಿಗೆ ಅಂಗಡಿಯ ಬಣ್ಣವೇ ಬೇಕೆಂಬ ನಿಯಮವಿಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬದ ಕಡೆ ದೀವರ ಹೆಣ್ಣುಮಕ್ಕಳು ಮನೆಯ ಗೋಡೆಗಳ ಮೇಲೆ ‘ಹಸೆ ಚಿತ್ತಾರ’ವನ್ನು ಬರೆಯುತ್ತಾರೆ. ಕೆಮ್ಮಣ್ಣಿನ ನೆಲ, ಬಿಳುಪಿಗೆ ಅಕ್ಕಿಯ ಹಿಟ್ಟು, ಕಪ್ಪಿಗೆ ಹುರಿದು ಕರಿಮಾಡಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಕುಂಚಕ್ಕೆ ಪುಂಡಿಯ ನಾರು. ಹಿತ್ತಿಲೇ ಅವರಿಗೆ ಅಂಗಡಿ, ಕೈಬೆರಳೇ ವಿದ್ಯಾಲಯ. ನಮ್ಮ ಹೆಣ್ಣುಮಕ್ಕಳು ಅಂಗಳದಲ್ಲಿ ಇಡುವ ರಂಗೋಲಿಯ ಚುಕ್ಕಿಗೆರೆಗಳನ್ನೇ ಒಲೆಯ ಹಿಂದಿನ ಗೋಡೆಗೂ ಗೂಡುಗಳ ಸುತ್ತಲೂ ಏರಿಸಿದರೆ ಕಾಸು ಖರ್ಚಿಲ್ಲದೆ ಕೋಣೆಗೆ ಕಳೆಯೇರುವುದು.

ಮೂರನೆಯ ಅಲಂಕಾರ ಕ್ರಮ. ಮೊದಲನೆಯ ಮಹಾಯುದ್ಧದ ತರುವಾಯ ಜರ್ಮನಿಯಲ್ಲಿ ಮನೆಗಳಿಗೆ ಬಹಳ ಅಭಾವವುಂಟಾಗಿತ್ತು. ಫ್ರಾಂಕ್‌ಫರ್ಟ್ ನಗರದವರು ಕಾರ್ಮಿಕರಿಗಾಗಿ ಕಟ್ಟಿಸಿದ ಸಣ್ಣ ಮನೆಗಳಿಗೆ 1926ರಲ್ಲಿ ಮಾರ್ಗರೆಟೆ ಶೂಟ್ಟೆ-ಲಿಹೊಟ್ಸ್ಕಿ ಎಂಬ ಮಹಿಳಾ ವಾಸ್ತುಶಿಲ್ಪಿಯು ಅಡುಗೆಮನೆಯೊಂದನ್ನು ರೂಪಿಸಿದಳು. ಅದರ ಅಗಲ 1.9 ಮೀಟರು, ಉದ್ದ 3.4 ಮೀಟರು ಮಾತ್ರ. ಅಡುಗೆ ಮಾಡುವವಳು ವ್ಯರ್ಥವಾಗಿ ಎಷ್ಟು ಹೆಜ್ಜೆ ಹಾಕುತ್ತಾಳೆಂದು ಲೆಕ್ಕಹಾಕಿ, ನೀರು, ಒಲೆ, ಹಲಗೆ ಎಲ್ಲವೂ ಕೈಗೆಟಕುವಂತೆ ಆಕೆ ಜೋಡಿಸಿದಳು. ದವಸಧಾನ್ಯಗಳಿಗೆ ಹೆಸರು ಬರೆದ ಅಲ್ಯೂಮಿನಿಯಂ ಪೆಟ್ಟಿಗೆಗಳ ಸಾಲನ್ನು ಇಟ್ಟಳು. ಅಂಥ ಸುಮಾರು ಹತ್ತು ಸಾವಿರ ಅಡುಗೆಮನೆಗಳು ಆ ನಗರದಲ್ಲಿ ನಿರ್ಮಾಣವಾದುವು.

ಈ ಲೆಕ್ಕಾಚಾರಕ್ಕೆ ನಾವು ಜರ್ಮನಿಗೆ ಹೋಗಬೇಕಾಗಿಲ್ಲ. ಮುದ್ದೆಯ ಕೋಲೂ ಕವೆಗೋಲೂ ಒಲೆಯ ಪಕ್ಕದಲ್ಲೇ ಗೂಟಕ್ಕೆ ತೂಗಲಿ. ರಾಗಿಹಿಟ್ಟಿನ ಡಬ್ಬಿ ಬಲಗೈಗೆ ಸಿಗಲಿ. ಮೊರ, ಜರಡಿಗಳಿಗೆ ಗೋಡೆಯಲ್ಲಿ ಒಂದೊಂದು ಮೊಳೆ ಇರಲಿ. ನಮ್ಮ ಸೀಮೆಯಲ್ಲಿ ಸುಲಭವಾಗಿ ದೊರೆಯುವ ಕಡಪದ ಕಲ್ಲಿನ ಒಂದೆರಡು ಹಲಗೆಗಳನ್ನು ಗೋಡೆಗೆ ಸೇರಿಸಿದರೆ ಗೆದ್ದಲಿನ ಭಯವಿಲ್ಲದ ಶಾಶ್ವತವಾದ ಸ್ಥಾನವಾಯಿತು. ಹುಣಿಸೆಹಣ್ಣಿನಿಂದ ಬೆಳಗಿದ ಹಿತ್ತಾಳೆಯ ಚೊಂಬುಗಳು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ನಿಂತರೆ ಅದಕ್ಕಿಂತ ಬೇರೆ ಚಿತ್ರಪಟ ಬೇಕೆ?

ಇನ್ನು ಡಬ್ಬಿಗಳ ಮೇಲಿನ ಹೆಸರಿನ ಮಾತು. ಇದು ಮಕ್ಕಳ ಪಾಲಿನ ಕೆಲಸ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಮಡಕಶಿರವು ಆಂಧ್ರ ಪ್ರದೇಶದಲ್ಲಿ ಉಳಿಯಿತು. 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಸರ್ಕಾರದ ಕಾಗದಪತ್ರಗಳು ಯಾವ ಭಾಷೆಯಲ್ಲೇ ಬರಲಿ, ಅಡುಗೆಮನೆಯ ಮಾತು ಮಾತ್ರ ತಾಯಿಯಿಂದ ಮಗುವಿಗೆ ಬಂದದ್ದು. ಉದ್ದು, ಕಡಲೆ, ಅವರೆ, ಹುರುಳಿ, ಮೆಂತ್ಯ, ಜೀರಿಗೆ ಎಂದು ದುಂಡಾದ ಅಕ್ಷರಗಳಲ್ಲಿ ಬರೆದು ಅಂಟಿಸಿರಿ. ಕೆಳಗೆ ಪಪ್ಪು, ಉಲವಲು ಎಂದು ತೆಲುಗಿನಲ್ಲಿಯೂ ಬರೆದರೆ ನೆರೆಮನೆಯ ಅಕ್ಕನಿಗೂ ಅನುಕೂಲ, ನಿಮಗೂ ಎರಡು ಲಿಪಿ ಬಂದಂತಾಯಿತು. ಎರಡೂ ಅಕ್ಕತಂಗಿಯರಂತಿರುವ ಲಿಪಿಗಳೇ. ಪುಸ್ತಕದ ಕನ್ನಡ ಪರೀಕ್ಷೆಗೆ ಮರೆತುಹೋದೀತು. ಡಬ್ಬಿಯ ಕನ್ನಡ ದಿನಕ್ಕೆರಡು ಸಲ ಕಣ್ಣಿಗೆ ಬೀಳುವುದು.

ಪೋಷಕರಿಗೆ ಒಂದು ಬಿನ್ನಹ. ಸಾಲ ಮಾಡಿ ಅಡುಗೆಮನೆಯನ್ನು ಸಿಂಗರಿಸಬೇಡಿ. ಹೊಳೆಯುವ ಬಿಲ್ಲೆಗಳನ್ನು ನಾಲ್ಕು ಗೋಡೆಗೂ ಹಚ್ಚುವ ಶಕ್ತಿಯಿಲ್ಲದವರು ಒಲೆಯ ಹಿಂದೆಯೂ ನೀರು ಬೀಳುವಲ್ಲಿಯೂ ನಾಲ್ಕು ಸಾಲು ಹಚ್ಚಿದರೆ ಸಾಕು, ಉಳಿದುದಕ್ಕೆ ಸುಣ್ಣವಿದೆ. ಕಾಗದದ ಹೂಗಳನ್ನೂ ಪ್ಲಾಸ್ಟಿಕ್ ಪರದೆಗಳನ್ನೂ ಒಲೆಯ ಹತ್ತಿರ ಕಟ್ಟಬೇಡಿ. ಒಂದು ಕಿಡಿಯ ಮುಂದೆ ಅಲಂಕಾರವೇ ಅನಾಹುತವಾಗುವುದು. ಕೈಯಲ್ಲಿ ಹಣವಿದ್ದಾಗ ಮೊದಲು ಗಾಳಿಕಿಂಡಿ, ಆಮೇಲೆ ಸುಣ್ಣ, ಆಮೇಲೆ ಹಲಗೆ, ಎಲ್ಲಕ್ಕೂ ಕೊನೆಯಲ್ಲಿ ಚಿತ್ರ. ಈ ಅನುಕ್ರಮವನ್ನು ತಲೆಕೆಳಗು ಮಾಡಿದರೆ ಹಣವೂ ಹೋಗುವುದು, ಹೊಗೆಯೂ ಉಳಿಯುವುದು. ಮತ್ತು ಏನು ಎಲ್ಲಿರಬೇಕೆಂಬುದನ್ನು ಅಲ್ಲಿ ದುಡಿಯುವವರನ್ನೇ ಕೇಳಿರಿ. ಪಡಸಾಲೆಯಲ್ಲಿ ಕುಳಿತು ತೀರ್ಮಾನಿಸಬೇಡಿ.

ವಿದ್ಯಾರ್ಥಿಗಳೇ, ಬರುವ ರಜೆಯಲ್ಲಿ ಈ ಕೆಲಸಕ್ಕೆ ಕೈಹಚ್ಚಿರಿ. ‘ಇದು ಹೆಣ್ಣುಮಕ್ಕಳ ಕೆಲಸ’ ಎಂದು ಬಾಲಕರು ಜಾರಿಕೊಳ್ಳಕೂಡದು. ಉಣ್ಣುವ ಬಾಯಿಗೆ ಇಲ್ಲದ ಭೇದ ದುಡಿಯುವ ಕೈಗೆ ಏಕೆ? ಅಣ್ಣನು ಮಸಿ ಉಜ್ಜಲಿ, ತಂಗಿಯು ರಂಗೋಲಿ ಬರೆಯಲಿ, ತಂದೆಯು ಹಲಗೆ ಕೂರಿಸಲಿ, ತಮ್ಮನು ಡಬ್ಬಿಗಳಿಗೆ ಹೆಸರು ಅಂಟಿಸಲಿ. ಆ ಒಂದು ದಿನ ತಾಯಿಯು ಸುಮ್ಮನೆ ಕುಳಿತು ನೋಡಲಿ. ಮರುದಿನ ಆಕೆ ಕೆಮ್ಮದೆ, ಕಣ್ಣೊರಸಿಕೊಳ್ಳದೆ, ಬೆಳಕಿನಲ್ಲಿ ನಿಂತು ಮುದ್ದೆ ಕಟ್ಟಿದರೆ ನಿಮ್ಮ ಶ್ರಮಕ್ಕೆ ಬೇರೆ ಬಹುಮಾನ ಬೇಕಾಗಿಲ್ಲ.