ಸುಮ್ಮ ಕೂಡು

ಮನೆಯಲ್ಲಿ ಬಹಳ ದಿನದ ಕಾಯಿಲೆಯವರಿದ್ದರೆ ನಾವು ಅವರಿಗೆ ಮತ್ತೆ ಮತ್ತೆ ಹೇಳುವ ಮಾತೊಂದಿದೆ: ‘ನೀ ಏನೂ ಮಾಡಬ್ಯಾಡ, ಸುಮ್ಮ ಕೂಡು.’ ಪ್ರೀತಿಯಿಂದಲೇ ಹೇಳುತ್ತೇವೆ. ಆ ಮಾತು ಕೇಳಿಸಿಕೊಂಡವರಿಗೆ ಹೇಗಾಗುತ್ತದೆ ಎಂಬುದು ಈ ವಾರವೆಲ್ಲ ನನ್ನನ್ನು ಕಾಡುತ್ತಿದೆ.

ಆಳಂದ ತಾಲ್ಲೂಕಿನ ಭೂಸನೂರ ಸಕ್ಕರೆ ಕಾರ್ಖಾನೆಯ ಊರು. ಹಂಗಾಮು ಶುರುವಾದರೆ ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಲ್ಲುತ್ತವೆ. ಆ ಊರಲ್ಲಿ ಒಬ್ಬ ಹಮಾಲರಿದ್ದಾರೆ. ವಯಸ್ಸು ಐವತ್ತರ ಆಚೆ ಈಚೆ. 50 ಕಿಲೋ ಚೀಲಗಳನ್ನು ಬೆನ್ನ ಮೇಲೆ ಹೊತ್ತೇ ಮಕ್ಕಳನ್ನು ಓದಿಸಿದವರು. ಗೊತ್ತೇ ಆಗದೆ ಒಳಗೊಳಗೇ ಏರಿದ ಬಿ.ಪಿ. ಅವರ ಎರಡೂ ಮೂತ್ರಪಿಂಡಗಳನ್ನು ಕೆಡಿಸಿತು. ಈಗ ವಾರಕ್ಕೆ ಎರಡು ಸಲ ಡಯಾಲಿಸಿಸ್, ಸಲಕ್ಕೆ ನಾಲ್ಕು ತಾಸು.

ಅವರ ಎಡಗೈ ನೋಡಿದೆ. ಡಯಾಲಿಸಿಸ್ ಸೂಜಿ ಚುಚ್ಚಲು ಅನುಕೂಲವಾಗಲೆಂದು ಅಲ್ಲಿ ಎರಡು ರಕ್ತನಾಳಗಳನ್ನು ಕೂಡಿಸಿದ್ದಾರೆ. ಚರ್ಮದ ಕೆಳಗೆ ಹಗ್ಗದಂತೆ ಉಬ್ಬಿದೆ. ನನ್ನ ಬೆರಳು ಹಿಡಿದು ಅದರ ಮೇಲಿಟ್ಟು, ‘ನೋಡ್ರಿ, ಹ್ಯಾಂಗ ನಡಗಲತ್ತದ’ ಅಂದರು. ಝುಮ್ ಎಂದು ಕಂಪಿಸುತ್ತಿತ್ತು. ಆ ಕೈಯಿಂದ ಇನ್ನು ಮುಂದೆ ಭಾರ ಎತ್ತುವಂತಿಲ್ಲ. ಹಮಾಲನ ಕೈಗೆ ಬಂದ ನಿಯಮ ನೋಡಿ ಇದು.

ಮೊದಲ ವರ್ಷ ಅವರು ಗೋಡೆ ಕಡೆ ಮುಖ ಮಾಡಿ ಮಲಗಿದ್ದೇ ಹೆಚ್ಚು. ಬಿತ್ತನೆಗೆ ಬೀಜ ತಂದದ್ದು, ತೊಗರಿ ಮಾರಿದ್ದು, ಮಗಳಿಗೆ ವರ ನೋಡಿದ್ದು ಎಲ್ಲವೂ ಅವರಿಗೆ ಆಮೇಲೆ ತಿಳಿಯಿತು. ಕೇಳಿದರೆ, ‘ನೀ ಯಾಕ ತಲಿ ಕೆಡಿಸ್ಕೋತೀಯಪ್ಪ’ ಎಂಬ ಉತ್ತರ. ರೋಗ ದುಡಿಮೆಯನ್ನು ಕಿತ್ತುಕೊಂಡಿತ್ತು, ಮನೆಯವರ ಅಕ್ಕರೆ ಅವರ ಮಾತನ್ನೂ ಕಿತ್ತುಕೊಂಡಿತು. ಎರಡನೆಯದನ್ನು ತಡೆಯಬಹುದಿತ್ತು ಎಂದು ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

ಬದಲಾವಣೆ ಬಂದದ್ದು ಆಸ್ಪತ್ರೆಯ ಒಬ್ಬ ನರ್ಸಮ್ಮನಿಂದ. ‘ಕಾಕಾ, ಹೊಸಬರೊಬ್ಬರು ಬಂದಾರ, ಭಾಳ ಅಂಜ್ಯಾರ. ಒಂದೀಟು ಮಾತಾಡ್ರಿ’ ಎಂದರಂತೆ. ಅಷ್ಟೇ. ಇಂದು ಸುತ್ತಲ ಹಳ್ಳಿಗಳಿಂದ ಜನ ಅವರ ಮನೆ ಕಟ್ಟೆಗೆ ಬರುತ್ತಾರೆ. ಬಿಸಿಲು ನಲವತ್ತು ಡಿಗ್ರಿ ದಾಟುವ ನಮ್ಮ ಸೀಮೆಯಲ್ಲಿ ಡಯಾಲಿಸಿಸ್‌ನವರು ನೀರನ್ನು ಅಳೆದು ಕುಡಿಯಬೇಕಾದ ಕಷ್ಟ ಅನುಭವಿಸಿದವರಿಗೇ ಗೊತ್ತು. ನಾನು ಹೋದಾಗ ಒಬ್ಬ ಹೆಣ್ಣುಮಗಳು ಗಂಡನನ್ನು ಕರೆದುಕೊಂಡು ಬಂದಿದ್ದಳು. ಇವರು ಹೇಳುತ್ತಿದ್ದರು: ‘ದಿನದ ನೀರು ಮುಂಜಾನೆನೇ ಒಂದು ಬಾಟ್ಲಿಗೆ ಹಾಕಿ ಇಟ್ಟುಬಿಡವ್ವ. ಬಾಯಿ ಒಣಗಿದ್ರ ಮುಕ್ಕಳಿಸಿ ಉಗಳ್ಲಿ. ಉಪ್ಪಿನಕಾಯಿ, ಹಪ್ಪಳ ಮುಟ್ಟಬ್ಯಾಡ್ರಿ. ಉಪ್ಪು ಕಮ್ಮಿ ಆದ್ರ ನೀರಡಿಕಿನೂ ಕಮ್ಮಿ ಆಗ್ತದ. ಕಾಯಿಪಲ್ಲೆ ಹೆಚ್ಚಿ, ಕುದಿಸಿ, ಆ ನೀರು ಚೆಲ್ಲು. ಉಳದದ್ದು ಡಾಕ್ಟರನ್ನ ಕೇಳು.’ ಆಕೆ ಒಂದೊಂದನ್ನೂ ತಿರುಗಿ ಹೇಳಿ ಖಾತ್ರಿ ಮಾಡಿಕೊಂಡಳು. ಗಂಡ ಮಾತ್ರ ಅವರ ಕೈಯನ್ನೇ ನೋಡುತ್ತ ಕೂತಿದ್ದ.

ನನಗೆ ಆಗ ನೆನಪಾದವರು ಶರಣ ನುಲಿಯ ಚಂದಯ್ಯ. ಹುಲ್ಲು ಕೊಯ್ದು, ಹಗ್ಗ ಹೊಸೆದು, ಮಾರಿ, ಬಂದದ್ದರಲ್ಲಿ ದಾಸೋಹ ಮಾಡಿದವರು. ಶೂನ್ಯಸಂಪಾದನೆಯಲ್ಲಿ ಬರುವ ಅವರ ಕಥೆ ನಿಮಗೂ ಗೊತ್ತಿರುತ್ತದೆ. ಹುಲ್ಲು ಕೊಯ್ಯುವಾಗ ಮೈಮೇಲಿನ ಲಿಂಗ ಜಾರಿ ಬಿತ್ತು. ಚಂದಯ್ಯ ತಿರುಗಿ ನೋಡದೆ ಕಾಯಕಕ್ಕೆ ನಡೆದರು. ಲಿಂಗವೇ ಬೆನ್ನು ಹತ್ತಿ ಬಂತು. ಮಡಿವಾಳ ಮಾಚಯ್ಯನವರು ನಡುವೆ ಬಂದು ಹೇಳಿದ ಮೇಲೆ ಚಂದಯ್ಯ ಒಪ್ಪಿದರು, ಆದರೆ ಲಿಂಗಕ್ಕೂ ಹಗ್ಗ ಮಾರುವ ಕೆಲಸ ಹಚ್ಚಿದರು. ಈ ಕಥೆಯನ್ನು ಕಾಯಕದ ಹಿರಿಮೆ ಹೇಳಲು ಬಳಸುತ್ತೇವೆ. ನನಗೆ ಅದರಲ್ಲಿ ಇನ್ನೊಂದು ಕಾಣುತ್ತದೆ. ಕೈಬಿಟ್ಟುಹೋದವನನ್ನು ಮತ್ತೆ ಮನೆಯೊಳಗೆ ತಂದುಕೊಳ್ಳುವಾಗ ಚಂದಯ್ಯ ಅವನನ್ನು ಮೂಲೆಯಲ್ಲಿ ಕೂಡಿಸಲಿಲ್ಲ. ಒಂದು ಕೆಲಸ ಕೊಟ್ಟರು. ದೇವರಿಗೂ ಅದಕ್ಕಿಂತ ದೊಡ್ಡ ಮರ್ಯಾದೆ ಅವರಿಗೆ ತೋಚಲಿಲ್ಲ.

ಕೆಲಸವೇ ಮರ್ಯಾದೆಯಾದ ಇನ್ನೊಬ್ಬರು ನಮ್ಮ ಕಾದಂಬರಿಕಾರ ನಿರಂಜನರು. ಅವರು ಪಾರ್ಶ್ವವಾಯುವಿಗೆ ತುತ್ತಾದವರು. ಪ್ರಾಚೀನ ಈಜಿಪ್ಟಿನ ರೈತರ ಬಂಡಾಯ ಕುರಿತ ‘ಮೃತ್ಯುಂಜಯ’ ಬಂದದ್ದು ಅದರ ನಂತರ, 1976ರಲ್ಲಿ. ಆಮೇಲೆ 25 ಸಂಪುಟಗಳ ‘ವಿಶ್ವಕಥಾಕೋಶ’ಕ್ಕೆ ಅವರೇ ಪ್ರಧಾನ ಸಂಪಾದಕರು. ಅವರ ಛಲ ದೊಡ್ಡದು, ನಿಜ. ಆದರೆ ನಡೆಯುವುದೇ ಕಷ್ಟವಾದ ಮನುಷ್ಯನ ಮುಂದೆ ಜಗತ್ತಿನ ಕಥೆಗಳ ಹೊರೆಯನ್ನೇ ತಂದಿಟ್ಟು, ಇದು ನಿಮ್ಮಿಂದ ಆಗುತ್ತದೆ ಎಂದು ನಂಬಿದ ಪ್ರಕಾಶಕರಿದ್ದರು, ಜೊತೆಗೆ ದುಡಿದ ಅನುವಾದಕರಿದ್ದರು. ಅವರನ್ನೂ ನಾವು ನೆನೆಯಬೇಕು.

ಹಾಗೆಂದು ಕಾಯಿಲೆಯವರೆಲ್ಲ ಏನಾದರೂ ಮಾಡಿ ತೋರಿಸಲೇಬೇಕು ಎಂದು ನಾವು ಹಟ ಹಿಡಿದರೆ ಅದೂ ಕ್ರೌರ್ಯವೇ. ಡಯಾಲಿಸಿಸ್ ಮುಗಿಸಿ ಬಂದ ದಿನ ಭೂಸನೂರಿನ ಆ ಕಾಕಾಗೆ ತಲೆ ಎತ್ತುವುದೂ ಆಗುವುದಿಲ್ಲ. ಅಂದು ಕಟ್ಟೆಗೆ ಬಂದವರು ಹಾಗೇ ಮರಳುತ್ತಾರೆ. ಈಗೀಗ ಮಗನೂ ಮನೆಯ ವ್ಯವಹಾರವನ್ನು ಅವರ ಮುಂದೆ ಇಡಲು ಶುರು ಮಾಡಿದ್ದಾನೆ. ಮನೆಯಲ್ಲಿ ಇನ್ನೂ ಕೆಲವು ಚೀಲ ತೊಗರಿ ಉಳಿದಿದೆ. ಈಗಲೇ ಮಾರಬೇಕೋ, ರೇಟು ಏರುವವರೆಗೆ ಇಡಬೇಕೋ ಎಂಬ ಮಾತು ನಾನು ಮತ್ತೊಮ್ಮೆ ಹೋದ ದಿನ ಅರ್ಧಕ್ಕೆ ನಿಂತಿತ್ತು. ಅಡತಿಯವರು ಫೋನಿನ ಮೇಲೆ ಫೋನು ಮಾಡುತ್ತಿದ್ದರು. ಮಗ ಅವರಿಗೆ ಹೇಳಿದ: ‘ಅಪ್ಪ ಇವತ್ತು ಮಲಗ್ಯಾನ್ರಿ. ನಾಳಿಗಿ ಅವನ್ನ ಕೇಳಿ ಹೇಳ್ತೀನಿ.’