ಕಣ್ಣಿನ ಹೆಜ್ಜೆಯ ಗುರುತು

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನಾಡಹಬ್ಬದ ವೇದಿಕೆಯ ಮೇಲೆ ವಿಜ್ಞಾನದ ಮಾತೇಕೆ ಎಂದು ತಾವು ಕೇಳಬಹುದು. ಹೊರನಾಡಿನಲ್ಲಿ ನೆಲೆಸಿದ ನಮ್ಮ ಎಷ್ಟೋ ಮನೆಗಳಲ್ಲಿ ಮಕ್ಕಳು ಕನ್ನಡವನ್ನು ಸರಾಗವಾಗಿ ಆಡುತ್ತಾರೆ. ಪುಸ್ತಕ ಕೈಗೆ ಕೊಟ್ಟರೆ ಮಾತ್ರ ತಡವರಿಸುತ್ತಾರೆ. ಈ ತಡವರಿಕೆಯನ್ನು ಅರ್ಥಮಾಡಿಕೊಳ್ಳಲು, ಕಣ್ಣಿನ ಚಲನೆಯನ್ನು ಅಳೆಯುವ ಶಾಸ್ತ್ರವು ನಮಗೆ ನೆರವಾಗುತ್ತದೆ. ಅದನ್ನು ತಮಗೆ ಪರಿಚಯ ಮಾಡಿಕೊಡುವುದೇ ನನ್ನ ಉದ್ದೇಶ.

ಓದುವಾಗ ಕಣ್ಣು ಸಾಲಿನ ಮೇಲೆ ನೀರಿನಂತೆ ಹರಿಯುತ್ತದೆಂದು ನಾವು ಭಾವಿಸುತ್ತೇವೆ. ಹಾಗಲ್ಲ, ಅದು ಕುಪ್ಪಳಿಸುತ್ತದೆ. 1879ರ ಸುಮಾರಿಗೆ ಪ್ಯಾರಿಸ್ಸಿನ ನೇತ್ರವೈದ್ಯ ಎಮಿಲ್ ಜವಾಲ್ ಈ ಸಂಗತಿಯನ್ನು ಲೋಕಕ್ಕೆ ತಿಳಿಸಿದನು. ಕಣ್ಣು ಒಂದೆಡೆ ಸೆಕೆಂಡಿನ ಕಾಲುಭಾಗದಷ್ಟು ನಿಲ್ಲುತ್ತದೆ, ಮತ್ತೆ ಹಾರುತ್ತದೆ. ನಾವು ಅರಿಯುವುದೆಲ್ಲ ನಿಂತಾಗಲೇ.

ಈ ಹೆಜ್ಜೆಗಳನ್ನು ಹಿಡಿಯುವುದು ಹಿಂದೆ ಬಲು ಪ್ರಯಾಸದ ಕೆಲಸವಾಗಿತ್ತು. ಅಮೆರಿಕದ ಎಡ್ಮಂಡ್ ಹ್ಯೂಯಿ ಓದುವವನ ಕಣ್ಣಿನ ಮೇಲೆಯೇ ಪ್ಲಾಸ್ಟರಿನ ಸಣ್ಣ ಬಟ್ಟಲನ್ನಿಟ್ಟು, ಅದಕ್ಕೆ ಕಡ್ಡಿ ಜೋಡಿಸಿ ಗೆರೆ ಎಳೆಸಿದನು. ಇಂದು ಆ ಕಷ್ಟವಿಲ್ಲ. ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಬೀರಿ, ಪಾಪೆಯ ನಡುವನ್ನೂ ಕಾರ್ನಿಯಾದ ಮೇಲಿನ ಹೊಳಪನ್ನೂ ಕ್ಯಾಮರಾ ಹಿಡಿಯುತ್ತದೆ. ಇವೆರಡರ ಅಂತರದಿಂದ ನೋಟ ಎಲ್ಲಿದೆಯೆಂದು ಯಂತ್ರ ಲೆಕ್ಕಹಾಕುತ್ತದೆ.

ಇದರ ಉಪಯೋಗ ಬಹುಮುಖವಾದುದು. 1950ರಲ್ಲಿ ಅಮೆರಿಕದ ಪಾಲ್ ಫಿಟ್ಸ್ ಮತ್ತು ಸಂಗಡಿಗರು ವಿಮಾನ ಇಳಿಸುವ ಚಾಲಕರ ಕಣ್ಣುಗಳನ್ನು ಚಿತ್ರೀಕರಿಸಿ ಮಾಡಿದ ಅಧ್ಯಯನವನ್ನು ಪ್ರಕಟಿಸಿದರು. ಕಣ್ಣು ಮತ್ತೆ ಮತ್ತೆ ಹೋಗುವ ಮಾಪಕ ಮುಖ್ಯವಾದುದು. ಹೆಚ್ಚು ಹೊತ್ತು ನಿಲ್ಲುವ ಮಾಪಕ ಓದಲು ಕಷ್ಟವಾದುದು. ಹೀಗೆ ಚಾಲಕನನ್ನು ದೂರುವ ಬದಲು ಫಲಕವನ್ನು ತಿದ್ದುವ ದಾರಿ ತೆರೆಯಿತು. ಕೈಕಾಲು, ನಾಲಗೆ ಸ್ವಾಧೀನ ತಪ್ಪಿದ ರೋಗಿಗಳು ಇಂದು ಬರಿಯ ನೋಟದಿಂದಲೇ ಅಕ್ಷರಗಳನ್ನು ಆರಿಸಿ ತಮ್ಮವರೊಡನೆ ಮಾತನಾಡುತ್ತಿದ್ದಾರೆ.

ರಷ್ಯದ ಯಾರ್ಬಸ್ ಎಂಬ ವಿಜ್ಞಾನಿ 1965ರ ತನ್ನ ಗ್ರಂಥದಲ್ಲಿ ಇನ್ನೊಂದು ಸ್ವಾರಸ್ಯವನ್ನು ತೋರಿಸಿದನು. ಅನಿರೀಕ್ಷಿತವಾಗಿ ಮನೆಗೆ ಮರಳಿದವನೊಬ್ಬನನ್ನು ಕುರಿತು ರೇಪಿನ್ ಬರೆದ ಚಿತ್ರವನ್ನು ಮುಂದಿಟ್ಟು, ‘ಇವರ ವಯಸ್ಸೆಷ್ಟು?’ ಎಂದರೆ ನೋಟ ಮುಖಗಳ ಮೇಲೆ ಸುಳಿಯಿತು. ‘ಉಡುಪನ್ನು ನೆನಪಿಡು’ ಎಂದರೆ ಬಟ್ಟೆಗಳ ಮೇಲೆ ಇಳಿಯಿತು. ಚಿತ್ರ ಒಂದೇ, ಕಣ್ಣಿನ ದಾರಿ ಬೇರೆ.

ನಮಗೆ ಮುಖ್ಯವಾದುದು ಮತ್ತೊಂದು. ಹೀಬ್ರೂ ಬಲದಿಂದ ಎಡಕ್ಕೆ ಓದುವ ಲಿಪಿ. ಹೀಬ್ರೂ, ಇಂಗ್ಲಿಷ್ ಎರಡನ್ನೂ ಬಲ್ಲವರನ್ನು 1981ರಲ್ಲಿ ಪರೀಕ್ಷಿಸಿದಾಗ, ಹೀಬ್ರೂ ಓದುವಾಗ ಅವರ ನೋಟ ಎಡಕ್ಕೂ ಇಂಗ್ಲಿಷ್ ಓದುವಾಗ ಬಲಕ್ಕೂ ಹೆಚ್ಚು ಚಾಚುತ್ತಿತ್ತು. ಒಂದೇ ಜೋಡಿ ಕಣ್ಣು ಎರಡು ಲಿಪಿಗಳ ನಡೆಯನ್ನು ಕಲಿತಿತ್ತು! ಹೊಸದಾಗಿ ಓದುವವರ ಕಣ್ಣು ಹೆಚ್ಚು ಕಡೆ, ಹೆಚ್ಚು ಹೊತ್ತು ನಿಲ್ಲುತ್ತದೆ; ಅಭ್ಯಾಸವಾದಂತೆ ನಿಲುಗಡೆಗಳು ಕಡಿಮೆಯಾಗುತ್ತವೆ ಎಂಬುದೂ ಸಿದ್ಧವಾಗಿದೆ.

ಆದುದರಿಂದ ತಾಯಂದಿರೇ, ತಂದೆಗಳೇ, ಮಗು ಒತ್ತಕ್ಷರದ ಮುಂದೆ ನಿಂತರೆ ದಡ್ಡನೆಂದು ಬಗೆಯಬೇಡಿ. ಕನ್ನಡ ತನಗೆ ಒಗ್ಗದೆಂದು ಅದು ನಂಬುವಂತೆಯೂ ಮಾಡಬೇಡಿ. ಅದರ ಕಣ್ಣಿಗೆ ಆ ದಾರಿ ಇನ್ನೂ ಸವೆದಿಲ್ಲ, ಅಷ್ಟೇ. ಸ್ಫುಟವಾದ ದಪ್ಪ ಅಚ್ಚಿನ ಪುಸ್ತಕ ಕೊಡಿ, ದಿನಕ್ಕೊಂದು ಪುಟ ಜೊತೆಯಲ್ಲಿ ಕುಳಿತು ಓದಿಸಿ. ಕನ್ನಡದ ಪುಸ್ತಕ, ಫಲಕಗಳನ್ನು ರೂಪಿಸುವವರೂ ಇಂಗ್ಲಿಷಿನ ಅಳತೆಯನ್ನು ಎರವಲು ತರದೆ, ಮೇಲೆ ಗುಡಿಸು ಕೆಳಗೆ ಒತ್ತು ಇರುವ ನಮ್ಮ ಅಕ್ಷರಗಳ ಮೇಲೆ ಕಣ್ಣು ಹೇಗೆ ನಡೆಯುತ್ತದೆಂದು ಅಳೆದು ನೋಡಲಿ. ನಡೆದಷ್ಟೂ ದಾರಿ ಸುಗಮವಾಗುವುದು.

ಜೈ ಕರ್ನಾಟಕ.